ಬೇಡಿಕೊಂಡರೂ ಅದೇ ಪಾಪ ಮತ್ತೆ ಮತ್ತೆ: ದೇವರ ಸಹಾಯ ಅಂದರೆ ಏನು?

ಟಿಳಕವಾಡಿ ಓದುಗ (ಬೆಳಗಾವಿ)

ಎಲ್ಲರಿಗೂ ವಂದನೆಗಳು. ನಮ್ಮ ಸಭೆಯಲ್ಲಿ ಯುವಕರ ಬೈಬಲ್ ಅಧ್ಯಯನ ನಡೆಸುವವರಲ್ಲಿ ನಾನೂ ಒಬ್ಬ. ಗುಂಪಿನ ಒಬ್ಬ ಹುಡುಗನ ಪ್ರಶ್ನೆಯನ್ನು ಅವನನ್ನು ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಯಾರಿರಬಹುದು ಅಂತ ದಯವಿಟ್ಟು ಹುಡುಕಬೇಡಿ.

ಅವನು ಉದ್ಯಮಬಾಗದ ಒಂದು ಮಷೀನ್ ಶಾಪ್‌ನಲ್ಲಿ ಕೆಲಸ ಮಾಡುತ್ತಾನೆ. ಮದುವೆಯಾಗಿದೆ, ಚಿಕ್ಕ ಮಗಳಿದ್ದಾಳೆ. ಮೊಬೈಲ್‌ನಲ್ಲಿ ಕ್ರಿಕೆಟ್ ಮೇಲೆ ದುಡ್ಡು ಕಟ್ಟುವ ಚಟ ಹತ್ತಿದೆ. ಪಗಾರ ಆದ ದಿನವೇ ಕೈ ಖಾಲಿ. ಹೆಂಡತಿಗೆ ಸುಳ್ಳು, ಗೆಳೆಯರ ಹತ್ತಿರ ಕೈಗಡ. ದುಡ್ಡು ಹಾಕಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು 2025ರ ಆಗಸ್ಟ್‌ನಲ್ಲಿ ಸಂಸತ್ತಿನಲ್ಲಿ ಪಾಸಾದಾಗ ಅವನು ಬಹಳ ಖುಷಿಪಟ್ಟಿದ್ದ. ‘ದೇವರೇ ಬಾಗಿಲು ಹಾಕಿದ’ ಅಂದಿದ್ದ. ಆ್ಯಪ್ ಹೋಯಿತು. ಆಸೆ ಹೋಗಲಿಲ್ಲ. ಈಗ ಯಾರೋ ಕಳಿಸುವ ಲಿಂಕ್ ಹಿಡಿದು ಅದೇ ನಡೆದಿದೆ.

ಅವನು ಪ್ರಾರ್ಥನೆ ಮಾಡದವನಲ್ಲ. ಅತ್ತು ಬೇಡಿಕೊಳ್ಳುತ್ತಾನೆ. ಉಪವಾಸ ಮಾಡುತ್ತಾನೆ. ಆರಾಧನೆಯಲ್ಲಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ಕೈ ಚಾಚುವಾಗ ನಡುಗುತ್ತಾನೆ. ಕೆಲವು ವಾರ ಚೆನ್ನಾಗಿರುತ್ತಾನೆ, ಮತ್ತೆ ಬೀಳುತ್ತಾನೆ. ಒಬ್ಬರು ‘ನೀನು ನಿಜವಾಗಿ ಹೊಸದಾಗಿ ಹುಟ್ಟಿಲ್ಲ’ ಅಂದರು, ಅಂದರೆ ನಿನ್ನ ನಂಬಿಕೆಯೇ ನಿಜವಲ್ಲ ಅಂತ. ಇನ್ನೊಬ್ಬರು ‘ಎಲ್ಲ ದೇವರ ಮೇಲೆ ಹಾಕಿ ಸುಮ್ನೆ ಇರು’ ಅಂದರು. ಮತ್ತೊಬ್ಬರು ‘ಮನಸ್ಸು ಗಟ್ಟಿ ಮಾಡ್ಕೋ, ಗಂಡಸಲ್ವಾ’ ಅಂದರು.

ಅವನು ನನ್ನನ್ನು ಕೇಳಿದ್ದು ಇದು. ದೇವರು ಸಹಾಯ ಮಾಡ್ತಾನೆ ಅಂತೀರಿ. ಏನು ಮಾಡ್ತಾನೆ? ಆಸೆಯನ್ನೇ ಕಿತ್ತು ಹಾಕ್ತಾನಾ? ಹಾಕದಿದ್ದರೆ ನನ್ನ ಕೈ ಬಿಟ್ಟಿದ್ದಾನಾ?

ನನಗೆ ಅನಿಸುವುದನ್ನು ಮೊದಲೇ ಹೇಳುತ್ತೇನೆ. ಹೋರಾಡುವುದು ಬೇರೆ, ದೇವರಿಗೆ ಆತುಕೊಳ್ಳುವುದು ಬೇರೆ ಅಂತ ನಾವು ಎರಡು ಮಾಡಿಟ್ಟಿದ್ದೇವೆ. ಬೈಬಲ್ ಹಾಗೆ ಮಾಡಿಲ್ಲ. ಆದರೆ ಪಗಾರದ ದಿನ ಸಂಜೆ ಫೋನ್ ಕೈಯಲ್ಲಿ ಹಿಡಿದವನಿಗೆ ಇದನ್ನು ಹೇಗೆ ಹೇಳಬೇಕು? ಅನುಭವ ಇದ್ದವರು ತಿಳಿಸಿ.

ಹುಕ್ಕೇರಿ ಸಹೋದರ

ಕರ್ತನಿಗೆ ಸ್ತೋತ್ರ. ಬ್ರದರ್, ಆ ಹುಡುಗನಿಗಾಗಿ ಪ್ರಾರ್ಥನೆ ಮಾಡಿಯೇ ಬರೆಯುತ್ತಿದ್ದೇನೆ.

ಪವಿತ್ರಾತ್ಮನ ಬಲವನ್ನು ಕಡಿಮೆ ಮಾಡಿ ಮಾತಾಡಬಾರದು. ನಮ್ಮ ಪ್ರಾರ್ಥನಾ ಕೂಟಕ್ಕೆ ಬಂದು ಒಂದೇ ರಾತ್ರಿಯಲ್ಲಿ ಕುಡಿತ ಬಿಟ್ಟವರಿದ್ದಾರೆ. ಮತ್ತೆ ಮುಟ್ಟಿಲ್ಲ. ಅವರ ಮಕ್ಕಳೇ ಸಾಕ್ಷಿ ಹೇಳುತ್ತಾರೆ. ‘ಬೀಳೋದು ಸಹಜ, ಎಲ್ಲರೂ ಬೀಳ್ತಾರೆ’ ಅಂತ ಸಮಾಧಾನ ಹೇಳಿ ಹೇಳಿ ನಾವು ಜನರನ್ನು ಬಿದ್ದಲ್ಲೇ ಕೂರಿಸಿದ್ದೇವೆ. ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರ 8:13 ಓದಿ. ಪವಿತ್ರಾತ್ಮನಿಂದ ದೇಹದ ಕೆಟ್ಟ ಅಭ್ಯಾಸಗಳನ್ನು ಸಾಯಿಸಿದರೆ ಬದುಕುವಿರಿ ಅಂತ ಪೌಲ ಬರೆಯುತ್ತಾನೆ. ಸಾಕಿಕೊಂಡಿರಿ ಅಂತ ಬರೆದಿಲ್ಲ. 7ನೇ ಅಧ್ಯಾಯದಲ್ಲಿ ‘ಮಾಡಬಾರದು ಅಂದುಕೊಂಡದ್ದನ್ನೇ ಮಾಡುತ್ತೇನೆ’ ಅಂತ ಅವನು ಅಳುವುದು ಕ್ರಿಸ್ತನ ಹೊರಗಿದ್ದ ಮನುಷ್ಯನ ಸ್ಥಿತಿ. ಅಲ್ಲೇ ನಿಲ್ಲಬೇಡಿ, 8ಕ್ಕೆ ಬನ್ನಿ.

ಗುಳೇದಗುಡ್ಡದ ಅಕ್ಕ

ತಮ್ಮಾ, ನಿಮ್ಮ ಕೂಟದಲ್ಲಿ ಆದದ್ದನ್ನು ನಾನು ಅಲ್ಲಗಳೆಯುವುದಿಲ್ಲ. ದೇವರು ಒಂದೇ ಏಟಿಗೆ ಬಿಡಿಸಿದ್ದನ್ನು ನಾನೂ ಕಂಡಿದ್ದೇನೆ. ಆದರೆ ಅದೇ ಅಳತೆಯನ್ನು ಎಲ್ಲರಿಗೂ ಹಿಡಿದರೆ ಹಾಗೆ ಬಿಡುಗಡೆ ಸಿಗದವನು ‘ನನಗೆ ದೇವರಿಲ್ಲ’ ಅಂದುಕೊಂಡು ಗುಡಿಯ ಮೆಟ್ಟಿಲು ಹತ್ತುವುದನ್ನೇ ಬಿಡುತ್ತಾನೆ. ಅಂಥವರನ್ನೂ ಕಂಡಿದ್ದೇನೆ.

7ನೇ ಅಧ್ಯಾಯದ ‘ನಾನು’ ಯಾರು ಅನ್ನುವ ಜಗಳ ಬಹಳ ಹಳೆಯದು. ಮೊದಲ ಶತಮಾನಗಳ ಗ್ರೀಕ್ ಬೋಧಕರಲ್ಲಿ ಹೆಚ್ಚಿನವರು ನಿಮ್ಮ ಹಾಗೇ ಓದಿದರು. ಮೆಥೋಡಿಸ್ಟ್ ಸಭೆಗಳ ಮೂಲಪುರುಷ ವೆಸ್ಲಿಯೂ ಹಾಗೇ ಓದಿದರು. 4-5ನೇ ಶತಮಾನದ ಬಿಷಪ್ ಅಗಸ್ಟೀನ ಮೊದಲು ಹಾಗೇ ಓದುತ್ತಿದ್ದ, ವಯಸ್ಸಾದ ಮೇಲೆ ಅಭಿಪ್ರಾಯ ಬದಲಿಸಿ, ಅದು ವಿಶ್ವಾಸಿಯದೇ ಗೋಳು ಅಂದ. ಪ್ರೊಟೆಸ್ಟಂಟ್ ಸುಧಾರಕರಾದ ಲೂಥರ್, ಕ್ಯಾಲ್ವಿನ್ ಇಬ್ಬರೂ ಅವನ ದಾರಿ ಹಿಡಿದರು. ಈ ಜಗಳ ಇಲ್ಲಿ ತೀರುವುದಿಲ್ಲ, ತೀರಬೇಕಾಗಿಯೂ ಇಲ್ಲ. ಗಲಾತ್ಯದವರಿಗೆ 5:17 ನೋಡಿ. ಅದನ್ನು ಬರೆದದ್ದು ಪವಿತ್ರಾತ್ಮನನ್ನು ಹೊಂದಿದ ಜನರಿಗೇ. ಶರೀರಭಾವ, ಅಂದರೆ ಪಾಪದ ಕಡೆ ಎಳೆಯುವ ನಮ್ಮ ಹಳೆಯ ಸ್ವಭಾವ, ಆತ್ಮನಿಗೆ ಎದುರು, ಆತ್ಮನು ಶರೀರಭಾವಕ್ಕೆ ಎದುರು, ಒಂದಕ್ಕೊಂದು ಕಾದಾಡುತ್ತವೆ ಅಂತಿದೆ. ಅಂದರೆ ಒಳಗೆ ಕಾದಾಟ ಇದೆ ಅನ್ನುವುದೇ ಆತ್ಮನು ಇದ್ದಾನೆ ಅನ್ನುವುದಕ್ಕೆ ಗುರುತು. ಆ ಹುಡುಗನಿಗೆ ಮೊದಲು ಹೇಳಬೇಕಾದ ಮಾತು ಇದು. ಹೊಸದಾಗಿ ಹುಟ್ಟದವನು ಕರ್ತನ ಭೋಜನದ ಮುಂದೆ ಯಾಕೆ ನಡುಗುತ್ತಾನೆ?

ಅಗಸ್ಟೀನನ ಹೆಸರು ಬಂತಲ್ಲ, ಇನ್ನೂ ಸ್ವಲ್ಪ ಹೇಳುತ್ತೇನೆ. 386ರಲ್ಲಿ ಮಿಲಾನ್ ಊರಿನ ಒಂದು ತೋಟದಲ್ಲಿ ಅವನ ಬದುಕು ತಿರುಗಿತು. ‘ಎತ್ತಿಕೊಂಡು ಓದು’ ಅನ್ನುವ ಮಗುವಿನ ದನಿ ಕೇಳಿತು, ಪೌಲನ ಪತ್ರ ತೆರೆದ, ರೋಮಾಪುರದವರಿಗೆ 13ನೇ ಅಧ್ಯಾಯದ ಕೊನೆ ಕಣ್ಣಿಗೆ ಬಿತ್ತು. 387ರ ಈಸ್ಟರ್ ಹೊತ್ತಿಗೆ ದೀಕ್ಷಾಸ್ನಾನ ಆಯಿತು. ಇಷ್ಟನ್ನು ಎಲ್ಲ ಪ್ರಸಂಗಗಳಲ್ಲೂ ಹೇಳುತ್ತಾರೆ. ಮುಂದಿನದನ್ನು ಹೇಳುವವರು ಕಡಿಮೆ. ಹತ್ತು ವರ್ಷ ಕಳೆದ ಮೇಲೆ, ಬಿಷಪ್ ಆಗಿದ್ದಾಗ, ತನ್ನ ಬದುಕಿನ ಬಗ್ಗೆ ಬರೆಯುತ್ತಾ ಇನ್ನೂ ತನ್ನನ್ನು ಕಾಡುವ ಶೋಧನೆಗಳನ್ನು, ಅಂದರೆ ಪಾಪದ ಸೆಳೆತಗಳನ್ನು, ಒಂದೊಂದಾಗಿ ಬರೆದ. ಕನಸಿಗೆ ಬರುವ ಹಳೆಯ ಚಿತ್ರಗಳು. ಊಟದ ಆಸೆ. ಹೊಗಳಿಸಿಕೊಳ್ಳುವ ಆಸೆ. ಅಲ್ಲೇ ದೇವರ ಹತ್ತಿರ ಬೇಡಿದ: ನೀನು ಆಜ್ಞೆ ಮಾಡುವುದನ್ನು ನಡೆಸುವ ಶಕ್ತಿ ನೀನೇ ಕೊಡು, ಆಮೇಲೆ ಏನು ಬೇಕೋ ಅದನ್ನು ಆಜ್ಞಾಪಿಸು.

ಈ ಮಾತು ಕೇಳಿ ರೋಮ್‌ನಲ್ಲಿದ್ದ ಪೆಲಾಗಿಯಸ್ ಎಂಬ ಬೋಧಕನಿಗೆ ಸಿಟ್ಟು ಬಂತು. ಹೀಗಂದರೆ ಜನ ಕೈಕಟ್ಟಿ ಕೂರುತ್ತಾರೆ, ಮನುಷ್ಯ ಮನಸ್ಸು ಮಾಡಿದರೆ ಪಾಪ ಬಿಡಬಹುದು ಅನ್ನುವುದು ಅವನ ವಾದ. 418ರಲ್ಲಿ ಕಾರ್ಥೇಜ್‌ನಲ್ಲಿ ಕೂಡಿದ ಬಿಷಪರು ಅಂಥ ಬೋಧನೆಯನ್ನು ತಳ್ಳಿಹಾಕಿದರು. ‘ಮನಸ್ಸು ಗಟ್ಟಿ ಮಾಡ್ಕೋ’ ಅನ್ನುವುದು ಧೈರ್ಯದ ಮಾತಿನ ಹಾಗೆ ಕೇಳುತ್ತದೆ. ಆದರೆ ಈಗಾಗಲೇ ಸೋತವನಿಗೆ ಅದಕ್ಕಿಂತ ಭಾರದ ಮಾತು ಇಲ್ಲ.

ಬಾಗೇವಾಡಿ ಗೆಳೆಯ

ನಾನು ಕ್ರೈಸ್ತನಲ್ಲ. ಬಸವನ ಬಾಗೇವಾಡಿಯವನು. ಇಲ್ಲಿನ ಮಾತುಕತೆ ಓದುವುದು ಇಷ್ಟ, ಅದಕ್ಕೆ ಕೇಳುತ್ತಿದ್ದೇನೆ. ತಪ್ಪು ತಿಳಿಯಬೇಡಿ. ಬಸವಣ್ಣನವರೂ ತಮ್ಮ ಮನಸ್ಸು ಹೇಳಿದಂತೆ ಕೇಳುವುದಿಲ್ಲ ಅಂತ ಕೂಡಲಸಂಗಮದೇವನ ಮುಂದೆ ಎಷ್ಟೋ ವಚನಗಳಲ್ಲಿ ಮೊರೆ ಇಟ್ಟಿದ್ದಾರೆ. ಆ ಗೋಳು ನಮಗೂ ಗೊತ್ತು. ನನ್ನ ಅನುಮಾನ ಬೇರೆ. ಬಿದ್ದಾಗಲೆಲ್ಲ ದೇವರು ಕ್ಷಮಿಸುತ್ತಾನೆ ಅಂದರೆ ಬೀಳುವ ಭಯವೇ ಹೋಗುವುದಿಲ್ಲವೇ?

ಹುಕ್ಕೇರಿ ಸಹೋದರ

ಸರಿಯಾದ ಪ್ರಶ್ನೆ ಅಣ್ಣಾ. ಪೌಲನಿಗೇ ಇದನ್ನು ಕೇಳಿದ್ದರು. ಕೃಪೆ ಹೆಚ್ಚಲಿ ಅಂತ ಪಾಪದಲ್ಲೇ ಇರೋಣವೇ ಅನ್ನುವ ಪ್ರಶ್ನೆಯಿಂದಲೇ ರೋಮಾಪುರದವರಿಗೆ 6ನೇ ಅಧ್ಯಾಯ ಶುರುವಾಗುತ್ತದೆ. ಎಂದಿಗೂ ಇಲ್ಲ ಅಂತ ಉತ್ತರ. ಪಾಪದ ಪಾಲಿಗೆ ಸತ್ತವರು ಅದರಲ್ಲೇ ಹೇಗೆ ಬದುಕುವುದು ಅಂತ ಕೇಳುತ್ತಾನೆ. ನಮ್ಮ ಕ್ಷಮೆ ಪುಕ್ಕಟೆ ಬಂದದ್ದಲ್ಲ. ಶಿಲುಬೆಯ ಮೇಲೆ ಒಬ್ಬರು ಪ್ರಾಣ ಕೊಟ್ಟಿದ್ದಾರೆ. ಅದು ನಿಜವಾಗಿ ಮನಸ್ಸಿಗೆ ಇಳಿದವನು ‘ಹೇಗೂ ಕ್ಷಮೆ ಇದೆ’ ಅನ್ನುವುದಿಲ್ಲ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ಏನು ಮಾಡಿದ ನೋಡಿ, ಲೂಕ 19. ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಅಂದ. ಯೇಸು ಅವನನ್ನು ಹಾಗೆ ಕೇಳಿರಲಿಲ್ಲ. ಅವನ ಮನೆಗೆ ಉಳಿದುಕೊಳ್ಳಲು ಬಂದಿದ್ದರು, ಅಷ್ಟೇ.

ಅಕ್ಕಾ, ಗಲಾತ್ಯದವರಿಗೆ 5:17 ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಅದರ ಹಿಂದಿನ ವಚನವನ್ನೂ ಸೇರಿಸಿ. ಆತ್ಮನನ್ನು ಅನುಸರಿಸಿ ನಡೆಯಿರಿ, ಆಗ ಶರೀರಭಾವದ ಆಸೆಗಳನ್ನು ನೆರವೇರಿಸುವುದಿಲ್ಲ ಅಂತಿದೆ. ಆಸೆ ಇರುವುದಿಲ್ಲ ಅಂದಿಲ್ಲ ನಿಜ. ನೆರವೇರಿಸುವುದಿಲ್ಲ ಅಂದಿದೆ. ಆ ಭರವಸೆಯನ್ನು ಹುಡುಗನಿಂದ ಕಿತ್ತುಕೊಳ್ಳಬೇಡಿ.

ಗುಳೇದಗುಡ್ಡದ ಅಕ್ಕ

ಕಿತ್ತುಕೊಳ್ಳುವುದಿಲ್ಲ. ಅದು ಬೇಕೇ ಬೇಕು.

ವಿಜಯಪುರದ ವಿಶ್ವಾಸಿ

ನಾನು ಕಥೋಲಿಕ. ನಮ್ಮ ಕಡೆಯಿಂದ ಒಂದು ಮಾತು.

ನಮ್ಮ ಜಿಲ್ಲೆಯಲ್ಲಿ ಯೇಸು ಸಭೆಯ (ಜೆಸ್ಯೂಟ್) ಗುರುಗಳು ಕೆಲಸ ಮಾಡುತ್ತಾರೆ. ಆ ಸಭೆ ಕಟ್ಟಿದ ಸಂತ ಇಗ್ನಾಸಿಯವರು ಮೊದಲು ಸೈನಿಕ. 1521ರಲ್ಲಿ ಪಾಂಪ್ಲೋನಾ ಕೋಟೆ ಕಾಯುವಾಗ ಫಿರಂಗಿ ಗುಂಡು ಬಿದ್ದು ಕಾಲು ಮುರಿಯಿತು. ಹಾಸಿಗೆಯಲ್ಲಿ ಮಲಗಿದ್ದಾಗ ತನ್ನ ಮನಸ್ಸಿನೊಳಗೆ ಯಾವ ಯೋಚನೆ ಎಲ್ಲಿಗೆ ಎಳೆಯುತ್ತದೆ ಅಂತ ಗಮನಿಸಲು ಶುರುಮಾಡಿದರು. ಅದರಿಂದ ಮುಂದೆ ಕೆಲವು ನಿಯಮಗಳನ್ನು ಬರೆದರು. ಒಂದು ನಿಯಮ ಈ ಹುಡುಗನಿಗೇ ಬರೆದ ಹಾಗಿದೆ. ಪರರ ಮನೆಯ ಹೆಣ್ಣಿಗೆ ಬಲೆ ಬೀಸುವವನು ಏನು ಬಯಸುತ್ತಾನೆ? ಅವಳು ಅಪ್ಪನಿಗೋ ಗಂಡನಿಗೋ ಹೇಳಬಾರದು ಅಂತ. ಹೇಳಿದರೆ ಅವನ ಆಟ ಮುಗಿಯಿತು. ವೈರಿಯೂ, ಅಂದರೆ ಸೈತಾನನೂ, ಹಾಗೇ ಅಂತ ಇಗ್ನಾಸಿಯವರು ಹೇಳುತ್ತಾರೆ. ಶೋಧನೆಯನ್ನು ನಾವು ಗುಟ್ಟಾಗಿ ಇಟ್ಟುಕೊಳ್ಳಬೇಕು ಅನ್ನುವುದೇ ಅವನ ಆಸೆ. ಒಳ್ಳೆಯ ಗುರುವಿನ ಮುಂದೆ ಅದನ್ನು ಬಾಯಿಬಿಟ್ಟು ಹೇಳಿದ ಗಳಿಗೆಯೇ ಅವನ ಅರ್ಧ ಬಲ ಹೋಗುತ್ತದೆ.

ನಮ್ಮಲ್ಲಿ ಪಾಪನಿವೇದನೆ ಇರುವುದು ಇದಕ್ಕೂ ಹೌದು. ಅಲ್ಲಿ ಹೇಳುವ ಪಶ್ಚಾತ್ತಾಪದ ಪ್ರಾರ್ಥನೆಯಲ್ಲಿ ‘ಇನ್ನು ಪಾಪ ಮಾಡುವುದಿಲ್ಲ’ ಅನ್ನುವುದರ ಜೊತೆಗೆ ‘ನಿಮ್ಮ ಕೃಪೆಯ ಸಹಾಯದಿಂದ’ ಅಂತಲೂ ಇದೆ. ಪಾಪಕ್ಕೆ ಎಳೆಯುವ ಸಂದರ್ಭಗಳಿಂದ ದೂರ ಇರುತ್ತೇನೆ ಅಂತಲೂ ಇದೆ. ನನ್ನ ನಿರ್ಧಾರ, ದೇವರ ಕೃಪೆ, ಆ ಲಿಂಕ್ ಬರುವ ಗ್ರೂಪ್‌ನಿಂದ ಹೊರಗೆ ಬರುವುದು, ಎಲ್ಲ ಒಂದೇ ಪ್ರಾರ್ಥನೆಯ ಒಳಗೆ ಬರುತ್ತವೆ. ಓದುಗರು ಕೇಳಿದ್ದಕ್ಕೆ ಇದೇ ಉತ್ತರ ಅನಿಸುತ್ತದೆ.

ಕ್ಯಾಂಪ್ ಮೆಥೋಡಿಸ್ಟ್ (ಬೆಳಗಾವಿ)

ವಿಶ್ವಾಸಿಯವರ ಮಾತಿಗೆ ನಮ್ಮ ಕಡೆಯದನ್ನೂ ಜೋಡಿಸುತ್ತೇನೆ. ಲಂಡನ್ ಮಿಷನ್‌ನವರು ಬೆಳಗಾವಿಗೆ ಬಂದದ್ದು 1820ರಲ್ಲಿ. 20ನೇ ಶತಮಾನದ ಶುರುವಿನಲ್ಲಿ ಆ ಕೆಲಸ ಮೆಥೋಡಿಸ್ಟರ ಕೈಗೆ ಬಂತು. ಹಾಗಾಗಿ ವೆಸ್ಲಿ ನಮಗೆ ಹತ್ತಿರದವರು. ಅವರ ಹಾಡು, ಪ್ರಸಂಗ ಎಲ್ಲ ಉಳಿಸಿಕೊಂಡೆವು. ಅವರು ಕಟ್ಟಿದ ಸಣ್ಣ ಗುಂಪುಗಳನ್ನು ಮಾತ್ರ ಕೈಬಿಟ್ಟೆವು. ನನಗೆ ಇದು ಬಹಳ ಬೇಸರದ ವಿಷಯ.

1738ರ ಡಿಸೆಂಬರ್‌ನಲ್ಲಿ ವೆಸ್ಲಿ ಆ ಗುಂಪುಗಳಿಗೆ ನಿಯಮ ಬರೆದರು. ವಾರಕ್ಕೊಮ್ಮೆ ಕೂಡಬೇಕು. ಯಾಕೋಬನ ಪತ್ರ 5:16ರಲ್ಲಿ ‘ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿ, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿ’ ಅಂತ ಇದೆಯಲ್ಲ, ಅದನ್ನು ನಡೆಸುವುದೇ ಉದ್ದೇಶ. ಪ್ರತಿ ವಾರ ಕೇಳುವ ಪ್ರಶ್ನೆಗಳೂ ಇದ್ದವು. ಹಿಂದಿನ ಸಲ ಕೂಡಿದ ಮೇಲೆ ನಿನಗೆ ಗೊತ್ತಿದ್ದು ಯಾವ ಪಾಪ ಮಾಡಿದೆ? ಯಾವ ಶೋಧನೆ ಎದುರಾಯಿತು? ಅದರಿಂದ ಹೇಗೆ ಬಿಡಿಸಿಕೊಂಡೆ? ಮೂರನೆಯ ಪ್ರಶ್ನೆ ನೋಡಿ. ಬಿದ್ದ ಲೆಕ್ಕವನ್ನು ಮಾತ್ರ ಕೇಳುತ್ತಿರಲಿಲ್ಲ, ದೇವರು ಎಲ್ಲಿ ಕೈ ಹಿಡಿದ ಅನ್ನುವುದನ್ನೂ ಹೇಳಿಸುತ್ತಿದ್ದರು. ಹಾಗೆ ಹೇಳುವಾಗ ಹೇಳುವವನಿಗೇ ಗೊತ್ತಾಗುತ್ತದೆ, ಈ ವಾರ ಸಹಾಯ ಬಂದಿತ್ತು ಅಂತ.

ಓದುಗ ಸರ್, ನಿಮ್ಮ ಬೈಬಲ್ ಅಧ್ಯಯನದಲ್ಲಿ ಎಷ್ಟು ಜನ ಬರುತ್ತಾರೋ ಗೊತ್ತಿಲ್ಲ. ಅಲ್ಲಿ ಇದನ್ನು ಮಾಡಬೇಡಿ. ಮೂರು ನಾಲ್ಕು ಜನ ಸಾಕು. ಗಂಡಸರೇ ಬೇರೆ, ಹೆಂಗಸರೇ ಬೇರೆ. ಅಲ್ಲಿ ಆಡಿದ್ದು ಅಲ್ಲೇ ಉಳಿಯಬೇಕು. ಒಮ್ಮೆ ಸೋರಿದರೆ ಆ ಹುಡುಗ ಇನ್ಯಾರಿಗೂ ಬಾಯಿ ಬಿಡುವುದಿಲ್ಲ.

ಜಮಖಂಡಿ ನರ್ಸ್

ಎಲ್ಲ ಓದಿದೆ. ನನ್ನದು ಆಸ್ಪತ್ರೆ ಕೆಲಸ, ನೇರ ಹೇಳುತ್ತೇನೆ. ಜೂಜಿನ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಚಟದ ಕಾಯಿಲೆ ಅಂತಲೇ ಸೇರಿಸಿದೆ. ಇದಕ್ಕೆ ಚಿಕಿತ್ಸೆ ಇದೆ, ಆಪ್ತಸಮಾಲೋಚನೆ ಇದೆ. ಬೆಳಗಾವಿಯಿಂದ ಧಾರವಾಡ ದೂರವಿಲ್ಲ, ಅಲ್ಲಿ ಡಿಮ್ಹಾನ್ಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಅಲ್ಲಿಗೆ ಹೋಗಲು ಈಗಲೇ ಮನಸ್ಸಿಲ್ಲದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಲಿ. ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಸಾಲ ಜಾಸ್ತಿ ಆಗಿದೆಯಾ ಅಂತ ಕೇಳಿ. ‘ಸತ್ತರೆ ಸಾಕು’ ಅನಿಸುತ್ತಿದೆಯಾ ಅಂತಲೂ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಬಂದುಬಿಡುತ್ತದೆ ಅನ್ನುವುದು ತಪ್ಪು ಕಲ್ಪನೆ. ಮತ್ತೆ ಯಾರೂ ಅವನಿಗೆ ಕೈಗಡ ಕೊಡಬೇಡಿ. ಅದು ಪ್ರೀತಿ ಅಲ್ಲ.

ಹುಕ್ಕೇರಿ ಸಹೋದರ

ಸಿಸ್ಟರ್, ಒಂದು ಅನುಮಾನ. ಕಾಯಿಲೆ ಅಂದುಬಿಟ್ಟರೆ ಪಾಪ ಅನ್ನುವುದು ಹೋಗುವುದಿಲ್ಲವೇ? ‘ನಾನು ರೋಗಿ, ನನ್ನ ತಪ್ಪೇನಿದೆ’ ಅನ್ನುವುದಿಲ್ಲವೇ?

ಜಮಖಂಡಿ ನರ್ಸ್

ಹಾಗೆ ಅನ್ನುವವರಿದ್ದಾರೆ ಬ್ರದರ್. ಆದರೆ ಹೆಂಡತಿಗೆ ಸುಳ್ಳು ಹೇಳಿದ್ದು ಯಾವ ಪಟ್ಟಿಯಲ್ಲೂ ಕಾಯಿಲೆ ಅಲ್ಲ. ಅದನ್ನು ಅವನು ಅರಿಕೆ ಮಾಡಲೇಬೇಕು. ದಿನವೂ ಅದೇ ಮಾಡಿ ಮಾಡಿ ಮನಸ್ಸಿಗೂ ದೇಹಕ್ಕೂ ಅದೇ ರೂಢಿ ಆಗಿದೆಯಲ್ಲ, ಅದಕ್ಕೆ ಮದ್ದು ಬೇಕು. ಪಾಪ ಅಂದರೆ ಕ್ಷಮೆ ಬೇಕು, ರೂಢಿ ಅಂದರೆ ಚಿಕಿತ್ಸೆ ಬೇಕು, ಅವನಿಗೆ ಎರಡೂ ಬೇಕು. ಪೌಲನ ಜೊತೆ ತಿರುಗಾಡಿದ ಲೂಕ ವೈದ್ಯನೇ ಆಗಿದ್ದ, ಕೊಲೊಸ್ಸೆಯವರಿಗೆ 4:14. ಪೌಲ ಅವನನ್ನು ಪ್ರಿಯ ವೈದ್ಯ ಅನ್ನುತ್ತಾನೆ. ವೈದ್ಯರ ಕೈಯಿಂದ ಬಂದ ಸಹಾಯ ದೇವರ ಸಹಾಯ ಅಲ್ಲ ಅಂತ ಯಾರು ಹೇಳಿದರು?

ಟಿಳಕವಾಡಿ ಓದುಗ

ಎಲ್ಲರಿಗೂ ಧನ್ಯವಾದ. ನರ್ಸ್ ಸಿಸ್ಟರ್ ಹೇಳಿದ್ದನ್ನು ಇವತ್ತೇ ಕೇಳುತ್ತೇನೆ. ಇನ್ನೊಂದು ವಿಷಯ. ಅವನು ಹೇಳುವ ಪ್ರಕಾರ ಕೈ ಜಾರುವುದು ಕೆಲವೇ ನಿಮಿಷದಲ್ಲಿ. ಮ್ಯಾಚ್ ಶುರು, ಲಿಂಕ್ ಬರುತ್ತದೆ, ಕೈ ಹೋಗುತ್ತದೆ. ‘ಆ ಹೊತ್ತಿಗೆ ಒಂದು ವಚನವೂ ನೆನಪಾಗಲ್ಲ ಅಣ್ಣಾ’ ಅನ್ನುತ್ತಾನೆ. ಆ ಗಳಿಗೆಯಲ್ಲಿ ಏನು ಮಾಡಬೇಕು?

ಗುಳೇದಗುಡ್ಡದ ಅಕ್ಕ

ಇದು ಎಲ್ಲಕ್ಕಿಂತ ಮುಖ್ಯ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಅವನು ಅತ್ತು ಬೇಡಿಕೊಳ್ಳುತ್ತಾನೆ ಅಂದಿರಿ. ಯಾವಾಗ? ಬಿದ್ದ ಮೇಲೆ. ಉಪವಾಸ ಯಾವಾಗ? ಬಿದ್ದ ಮೇಲೆ. ನಮ್ಮಲ್ಲಿ ಬಹಳ ಜನರ ಪ್ರಾರ್ಥನೆ ಹೀಗೇ ಇರುತ್ತದೆ. ಗೆತ್ಸೇಮನೆ ತೋಟದಲ್ಲಿ ಯೇಸು ಶಿಷ್ಯರಿಗೆ ಹೇಳಿದ್ದು ಬೀಳುವ ಮೊದಲು. ಶೋಧನೆಗೆ ಒಳಗಾಗದಂತೆ ಎಚ್ಚರವಾಗಿದ್ದು ಪ್ರಾರ್ಥಿಸಿರಿ ಅಂದರು, ಮತ್ತಾಯ 26:41. ಎಚ್ಚರ ಅನ್ನುವುದು ನಮ್ಮ ಕೆಲಸ, ಪ್ರಾರ್ಥನೆ ಅಂದರೆ ಅವರ ಕೈ ಹಿಡಿಯುವುದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಶಿಷ್ಯ ಪೇತ್ರ ಮಲಗಿದ. ಬೆಳಗಾಗುವುದರೊಳಗೆ ಮೂರು ಸಲ ಅವರನ್ನು ಅರಿಯೆ ಅಂದ. ಪೌಲನೂ ಫಿಲಿಪ್ಪಿಯವರಿಗೆ ಹೀಗೇ ಬರೆಯುತ್ತಾನೆ, 2:12-13. ಭಯದಿಂದ ನಡುಗುತ್ತಾ ನಿಮ್ಮ ರಕ್ಷಣೆಯ ಕೆಲಸ ಮಾಡಿಕೊಳ್ಳಿ ಅಂತಾನೆ, ಮುಂದಿನ ಮಾತಿನಲ್ಲೇ ಒಳಗೆ ಕೆಲಸ ಮಾಡುವವನು ದೇವರು ಅಂತಾನೆ. ನಾನು ಅರ್ಧ, ದೇವರು ಅರ್ಧ ಅನ್ನುವ ಪಾಲು ಅಲ್ಲಿಲ್ಲ.

ಆ ಗಳಿಗೆಗೆ ಉದ್ದ ಪ್ರಾರ್ಥನೆ ಆಗುವುದಿಲ್ಲ, ಸರಿ. 5ನೇ ಶತಮಾನದ ಮೊದಲಲ್ಲಿ ಕಾಸಿಯನ್ ಎಂಬ ಸನ್ಯಾಸಿ ಈಜಿಪ್ಟಿನ ಮರಳುಗಾಡಿನ ಹಿರಿಯರಿಂದ ಕಲಿತದ್ದನ್ನು ಬರೆದಿಟ್ಟ. ಕೀರ್ತನೆ 70ರ ಮೊದಲ ವಚನ ಒಂದನ್ನೇ ಹಿಡಿದುಕೊಳ್ಳಬೇಕು ಅಂತ ಅವರು ಕಲಿಸುತ್ತಿದ್ದರು. ದೇವರೇ, ನನ್ನನ್ನು ಬಿಡಿಸು. ಬೇಗ ಬಂದು ಸಹಾಯ ಮಾಡು. ಅಷ್ಟೇ. ಹೊಟ್ಟೆಬಾಕತನ ಬಂದರೂ ಅದೇ, ಸಿಟ್ಟು ಬಂದರೂ ಅದೇ, ಕೆಟ್ಟ ಯೋಚನೆ ಬಂದರೂ ಅದೇ, ಮನಸ್ಸು ಚೆನ್ನಾಗಿದ್ದಾಗ ಗರ್ವ ಬಾರದಿರಲಿ ಅಂತಲೂ ಅದೇ. ಕಷ್ಟದ ಹೊತ್ತಿನಲ್ಲಿ ನೆನಪಾಗಬೇಕು ಅಂದರೆ ಕಷ್ಟ ಇಲ್ಲದ ಹೊತ್ತಿನಲ್ಲಿ ಬಾಯಿಗೆ ಹತ್ತಿರಬೇಕು. ಬಸ್ಸಿನಲ್ಲಿ, ಮಷೀನ್ ಮುಂದೆ ನಿಂತಾಗ, ಮಗಳನ್ನು ಮಲಗಿಸುವಾಗ ಹೇಳಿಕೊಳ್ಳಲಿ.

ಬಾಯಿಂದ ಅದು ಬಂದ ಕೂಡಲೇ ಕಾಲು ಎದ್ದು ನಡೆಯಬೇಕು. 1 ಕೊರಿಂಥದವರಿಗೆ 10:13ರಲ್ಲಿ ದೇವರು ಶೋಧನೆಯ ಜೊತೆಗೆ ತಪ್ಪಿಸಿಕೊಳ್ಳುವ ದಾರಿಯನ್ನೂ ಸಿದ್ಧಮಾಡುತ್ತಾನೆ ಅಂತಿದೆ. ದಾರಿ ಇದ್ದ ಮೇಲೆ ನಡೆಯಬೇಕಲ್ವಾ. ಯಜಮಾನ ಪೋಟೀಫರನ ಹೆಂಡತಿ ಬಟ್ಟೆ ಹಿಡಿದು ಎಳೆದಾಗ ಯೋಸೇಫ ನಿಂತು ವಾದ ಮಾಡಲಿಲ್ಲ. ಬಟ್ಟೆಯನ್ನು ಅವಳ ಕೈಯಲ್ಲೇ ಬಿಟ್ಟು ಓಡಿದ. ಮ್ಯಾಚ್ ಇದ್ದ ಸಂಜೆ ಈ ಹುಡುಗ ಫೋನ್ ಮನೆಯಲ್ಲಿ ಬಿಟ್ಟು ಮಗಳನ್ನು ಎತ್ತಿಕೊಂಡು ಹೊರಗೆ ನಡೆಯಲಿ. ಅದು ದೇವರಿಗೆ ಆತುಕೊಳ್ಳುವುದೇ.

ಅಷ್ಟಾಗಿಯೂ ಬಿದ್ದರೆ? ನಮ್ಮೂರಿನಲ್ಲಿ ಖಣ ನೇಯುತ್ತಾರೆ. ಎಳೆ ಹರಿದರೆ ಮಗ್ಗ ಅಲ್ಲೇ ನಿಲ್ಲಿಸಿ ಗಂಟು ಹಾಕುತ್ತಾರೆ. ನೋಡದೆ ಮುಂದೆ ನೇಯ್ದರೆ ಬಟ್ಟೆಯೇ ಕೆಡುತ್ತದೆ. ಇವನು ಬಿದ್ದ ಮೇಲೆ ನಾಚಿಕೆಯಿಂದ ವಾರಗಟ್ಟಲೆ ದೇವರಿಂದ ದೂರ ಇರುತ್ತಾನೆ ಅಂತ ನನ್ನ ಊಹೆ. ಆ ದೂರದಲ್ಲೇ ಮುಂದಿನ ಬೀಳು ಹುಟ್ಟುತ್ತದೆ. ಬಿದ್ದ ರಾತ್ರಿಯೇ ತಿರುಗಿ ಬರಲಿ. ಪೇತ್ರ ಬೀಳುವ ಮೊದಲೇ ಯೇಸು ಅವನಿಗೆ, ನಿನ್ನ ನಂಬಿಕೆ ಕುಂದದಿರಲಿ ಅಂತ ನಿನಗಾಗಿ ಬೇಡಿಕೊಂಡಿದ್ದೇನೆ ಅಂದಿದ್ದರು, ಲೂಕ 22:32. ಬೀಳುತ್ತಾನೆ ಅಂತ ಗೊತ್ತಿದ್ದೇ ಬೇಡಿಕೊಂಡರು. ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು ಅಂತ ಮುಂದಿನ ಕೆಲಸವನ್ನೂ ಆಗಲೇ ಕೊಟ್ಟರು. ಕೈ ಬಿಟ್ಟಿದ್ದಾನಾ ಅಂತ ಹುಡುಗ ಕೇಳಿದನಲ್ಲ. ಈ ವಚನವನ್ನು ಅವನಿಗೆ ಓದಿ ಹೇಳಿ.

ಬಾಗೇವಾಡಿ ಗೆಳೆಯ

ಅಕ್ಕಾರ, ಬಹಳ ಚೆನ್ನಾಗಿ ಹೇಳಿದಿರಿ. ನನ್ನ ಅನುಮಾನಕ್ಕೂ ಉತ್ತರ ಸಿಕ್ಕಿತು.

ಗೋಕಾಕದ ಹೆಣ್ಣುಮಗಳು

ನಾನು ಇಲ್ಲಿ ಬರೆಯುವವಳಲ್ಲ, ಓದುವವಳು. ಇವತ್ತು ಬರೆಯಲೇಬೇಕು ಅನಿಸಿತು.

ಇಷ್ಟೆಲ್ಲ ಬರೆದಿರಿ. ಅಗಸ್ಟೀನ, ವೆಸ್ಲಿ, ಪೇತ್ರ, ಎಲ್ಲರೂ ಬಂದರು. ಆ ಹುಡುಗನ ಹೆಂಡತಿ ಎಲ್ಲಿ? ನರ್ಸ್ ಅಕ್ಕ ಒಬ್ಬರು ಒಂದು ಮಾತು ಅಂದರು, ಅಷ್ಟೇ. ನನ್ನ ಯಜಮಾನರು ಕುಡಿಯುತ್ತಿದ್ದರು. ಈಗ ಬಿಟ್ಟಿದ್ದಾರೆ, ದೇವರಿಗೆ ಸ್ತೋತ್ರ. ಆದರೆ ಆ ದಿನಗಳಲ್ಲಿ ಅವರು ಗುಡಿಯಲ್ಲಿ ಮೊಣಕಾಲೂರಿ ಅಳುತ್ತಿದ್ದರು, ಎಲ್ಲರೂ ‘ಎಂಥ ಪಶ್ಚಾತ್ತಾಪ’ ಅನ್ನುತ್ತಿದ್ದರು. ಮನೆಗೆ ಬಂದು ನನ್ನ ಮುಂದೆ ಒಂದು ಮಾತು ಆಡುತ್ತಿರಲಿಲ್ಲ. ದೇವರ ಹತ್ತಿರ ಲೆಕ್ಕ ಚುಕ್ತಾ ಮಾಡಿ ಬಂದೆ ಅನ್ನುವ ಹಾಗೆ ಮಲಗುತ್ತಿದ್ದರು. ರೇಷನ್‌ಗೆ ದುಡ್ಡಿಲ್ಲದೆ ನಾನು ಅಕ್ಕಪಕ್ಕದವರ ಮುಂದೆ ಕೈ ಚಾಚುತ್ತಿದ್ದೆ.

ಕೀರ್ತನೆ 51ರಲ್ಲಿ ದಾವೀದ ರಾಜ ‘ನಿನಗೇ ತಪ್ಪುಮಾಡಿದ್ದೇನೆ’ ಅಂತ ದೇವರಿಗೆ ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಬತ್ಷೆಬೆಯ ನೆನಪಾಗುತ್ತದೆ. ದಾವೀದ ಅವಳನ್ನು ತನ್ನ ಮನೆಗೆ ಕರೆಸಿಕೊಂಡು, ಅವಳ ಗಂಡ ಊರೀಯನನ್ನು ಕೊಲ್ಲಿಸಿದನಲ್ಲ, ಅವರಿಗೆ ತಪ್ಪು ಮಾಡಲಿಲ್ಲವೇ? ಪಾಪ ಅನ್ನುವುದು ಅವನಿಗೂ ದೇವರಿಗೂ ನಡುವಿನ ಗುಟ್ಟಿನ ವ್ಯವಹಾರ ಅಲ್ಲ.

ಗುಳೇದಗುಡ್ಡದ ಅಕ್ಕ

ತಂಗೀ, ನೀನು ಬರೆದದ್ದು ಒಳ್ಳೆಯದಾಯಿತು. ದಾವೀದನ ಮಾತನ್ನು ನಾನು ಹೀಗೆ ಓದುತ್ತೇನೆ: ಊರೀಯನಿಗೆ ಮಾಡಿದ ದ್ರೋಹ ಕೊನೆಗೆ ಊರೀಯನನ್ನು ಸೃಷ್ಟಿಸಿದವನಿಗೇ ಮಾಡಿದ ದ್ರೋಹ. ಅದರಿಂದ ಊರೀಯನ ಲೆಕ್ಕ ಕಡಿಮೆ ಆಗುವುದಿಲ್ಲ, ಇನ್ನೂ ದೊಡ್ಡದಾಗುತ್ತದೆ. ನಾತಾನ ಪ್ರವಾದಿ ದಾವೀದನ ಮುಂದೆ ಬಂದು ಹೇಳಿದ್ದೂ ಬಡವನ ಒಂದೇ ಕುರಿಮರಿಯನ್ನು ಕಿತ್ತುಕೊಂಡ ಸಾಹುಕಾರನ ಕಥೆಯನ್ನೇ.

ಯೇಸುವಿನ ಮಾತು ಇನ್ನೂ ನೇರವಾಗಿದೆ. ಮತ್ತಾಯ 5:23-24. ಕಾಣಿಕೆ ತಂದು ಯಜ್ಞವೇದಿಯ ಹತ್ತಿರ ನಿಂತಾಗ ನಿನ್ನ ಮೇಲೆ ಯಾರಿಗೋ ಮನಸ್ತಾಪ ಇದೆ ಅಂತ ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು ಹೋಗು, ಮೊದಲು ಅವರ ಜೊತೆ ಒಂದಾಗು, ಆಮೇಲೆ ಬಾ. ಈ ಹುಡುಗ ಕರ್ತನ ಭೋಜನದ ಮುಂದೆ ನಡುಗುವುದು ಇದಕ್ಕೇ ಇರಬಹುದು. ನಾವೆಲ್ಲ ಅವನ ಆಸೆಯ ಬಗ್ಗೆ ಮಾತಾಡಿದೆವು. ಅವನನ್ನು ತಿನ್ನುತ್ತಿರುವುದು ಸುಳ್ಳು.

ವಿಜಯಪುರದ ವಿಶ್ವಾಸಿ

ಹೌದು. ನಮ್ಮಲ್ಲೂ ಪಾಪನಿವೇದನೆ ಮಾಡಿದರೆ ಸಾಲದು, ಆದ ಹಾನಿಯನ್ನು ಸರಿಪಡಿಸಬೇಕು ಅಂತಿದೆ. ಕದ್ದದ್ದನ್ನು ಹಿಂದಿರುಗಿಸಬೇಕು. ಗುಟ್ಟು ಬಿಡಿಸುವ ಬಗ್ಗೆ ನಾನು ಬರೆದದ್ದು ಗುರುಗಳ ಹತ್ತಿರಕ್ಕೆ ಬಂದು ನಿಂತಿತ್ತು. ಅಲ್ಲಿಂದ ಮನೆಯವರೆಗೂ ಹೋಗಬೇಕು.

ಜಮಖಂಡಿ ನರ್ಸ್

ಹೇಳುವಾಗ ಪೂರ್ತಿ ಹೇಳಲಿ. ಸಾಲ ಎಷ್ಟು, ಯಾರ ಹತ್ತಿರ, ಎಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೇಳಲಿ. ಅರ್ಧ ಹೇಳಿ, ಉಳಿದ ಅರ್ಧ ಆಮೇಲೆ ಹೊರಬಿದ್ದರೆ ಹೆಂಡತಿಗೆ ಮತ್ತೆ ನಂಬಲು ಆಗುವುದಿಲ್ಲ. ಪಗಾರದ ಖಾತೆ, ಎಟಿಎಂ ಕಾರ್ಡ್, ಪಿನ್ ನಂಬರ್ ಅವಳ ಕೈಗೆ ಹೋಗಲಿ. ಫೋನ್‌ನಲ್ಲಿ ದುಡ್ಡು ಕಳಿಸುವ ಆ್ಯಪ್ ತೆಗೆಯಲಿ.

ಟಿಳಕವಾಡಿ ಓದುಗ

ಕೆಲವು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ನಿಮ್ಮೆಲ್ಲರ ಮಾತುಗಳನ್ನು ಅವನೇ ಕೂತು ಓದಿದ. ಗೋಕಾಕದ ಅಕ್ಕ ಬರೆದದ್ದನ್ನು ಓದಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಅಣ್ಣಾ, ದೇವರಿಗೆ ಹೇಳೋದು ಸುಲಭ ಇತ್ತು’ ಅಂದ.

ಅವನು ಹೆಂಡತಿಗೆ ಹೇಳಿದ್ದಾನೆ. ಹಾಳೆಯಲ್ಲಿ ಬರೆದುಕೊಂಡೇ ಹೇಳಿದ. ನಾನೂ ನನ್ನ ಮನೆಯವಳೂ ಹೊರಗಿನ ಕೋಣೆಯಲ್ಲಿ ಕೂತಿದ್ದೆವು, ಅದು ಅವನ ಆಸೆಯಾಗಿತ್ತು. ಆ ತಂಗಿ ಜಗಳ ಮಾಡಲಿಲ್ಲ. ಕಾರ್ಡ್ ತೆಗೆದುಕೊಂಡಳು. ಮಾರನೆಯ ದಿನ ಮಗಳನ್ನು ಕರೆದುಕೊಂಡು ಚಿಕ್ಕೋಡಿಗೆ ತವರುಮನೆಗೆ ಹೋದಳು. ಯಾವಾಗ ಬರುತ್ತಾಳೆ ಅಂತ ಹೇಳಿಲ್ಲ. ಅವನು ಕುಗ್ಗಿದ್ದಾನೆ, ಆದರೆ ಸುಳ್ಳಿನ ಭಾರ ಇಳಿದಿದೆ ಅನ್ನುತ್ತಾನೆ. ನರ್ಸ್ ಸಿಸ್ಟರ್ ಹೇಳಿದ ಪ್ರಶ್ನೆಯನ್ನು ನೇರವಾಗಿ ಕೇಳಿದೆ. ಹಾಗೆ ಅನಿಸಿದ್ದು ಉಂಟು, ಈಗ ಇಲ್ಲ ಅಂದ. ಆದರೂ ಅವನ ತಮ್ಮ ಬಂದು ಜೊತೆಗಿದ್ದಾನೆ. ಧಾರವಾಡಕ್ಕೆ ನಾನೇ ಕರೆದುಕೊಂಡು ಹೋಗುತ್ತೇನೆ. ಕ್ಯಾಂಪ್ ಸರ್ ಹೇಳಿದ ಹಾಗೆ ನಾಲ್ಕು ಜನರ ಗುಂಪು ಗುರುವಾರ ಸಂಜೆ ಶುರುವಾಗುತ್ತದೆ. ನಾನೂ ಅದರಲ್ಲಿ ಒಬ್ಬ, ನನ್ನನ್ನೂ ಅವೇ ಪ್ರಶ್ನೆ ಕೇಳುತ್ತಾರೆ.

ಹುಕ್ಕೇರಿ ಸಹೋದರ

ಬ್ರದರ್, ನಮ್ಮ ಕೂಟದಲ್ಲಿ ಹೆಸರು ಹೇಳದೆ ಅವರ ಮನೆಗಾಗಿ ಪ್ರಾರ್ಥನೆ ನಡೆದಿದೆ. ಗುರುವಾರ ನೀವು ಕೂಡುವ ಹೊತ್ತಿಗೆ ನಾವೂ ಇಲ್ಲಿ ಮೊಣಕಾಲೂರುತ್ತೇವೆ.

ಗೋಕಾಕದ ಹೆಣ್ಣುಮಗಳು

ಅವಳು ಹೋದದ್ದಕ್ಕೆ ಯಾರೂ ಅವಳನ್ನು ಬೈಯಬೇಡಿ. ‘ಗಂಡ ತಪ್ಪು ಒಪ್ಪಿಕೊಂಡ ಮೇಲೂ ಕ್ಷಮಿಸಲಿಲ್ಲ’ ಅಂತ ಸಭೆಯಲ್ಲಿ ಮಾತು ಬರುತ್ತದೆ, ನನಗೆ ಗೊತ್ತು. ಅವಳಿಗೆ ಹೊತ್ತು ಬೇಕು. ಅವನಿಗೆ ನಾಲ್ಕು ಜನರ ಗುಂಪು ಆಯಿತು. ಅವಳಿಗೆ ಯಾರಿದ್ದಾರೆ?

ಟಿಳಕವಾಡಿ ಓದುಗ

ನನ್ನ ಮನೆಯವಳು, ಸಭೆಯ ಇನ್ನೊಬ್ಬ ಅಕ್ಕ ಸೇರಿ ಭಾನುವಾರ ಆರಾಧನೆ ಮುಗಿಸಿ ಚಿಕ್ಕೋಡಿಗೆ ಹೋಗುತ್ತಾರೆ. ವಾಪಸ್ ಬಾ ಅಂತ ಹೇಳುವುದಕ್ಕಲ್ಲ ಅಂತ ಮೊದಲೇ ಮಾತಾಡಿಕೊಂಡಿದ್ದಾರೆ. ಈ ತಿಂಗಳ ಮನೆ ಬಾಡಿಗೆಯನ್ನು ಸಭೆಯಿಂದ ನೇರವಾಗಿ ಮನೆಯ ಮಾಲೀಕರಿಗೆ ಕೊಡಲು ನಮ್ಮ ಪಾಸ್ಟರ್ ಅಯ್ಯನವರು ಒಪ್ಪಿದ್ದಾರೆ. ಅದನ್ನೂ ಅವಳಿಗೆ ತಿಳಿಸುತ್ತಾರೆ.

ಗೋಕಾಕದ ಹೆಣ್ಣುಮಗಳು

ಗೋಕಾಕದಿಂದ ಚಿಕ್ಕೋಡಿಗೆ ನಾನೂ ಬರಬಹುದು. ಅವಳು ಬೇಡ ಅನ್ನದಿದ್ದರೆ ಮಾತ್ರ. ಕೇಳಿ ಹೇಳಿ.